ಒಂದು ವಾರ 88, ಮುಂದಿನ ವಾರ 101

ಒಂದು ಶನಿವಾರ ಗಾಲ್ಫ್‌ನಲ್ಲಿ 18 ಹೋಲ್‌ಗಳ ಸುತ್ತನ್ನು 88 ಹೊಡೆತಗಳಲ್ಲಿ ಮುಗಿಸಿದೆ; ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಮುಂದಿನ ಶನಿವಾರ ಅದೇ ಕೋರ್ಸ್, ಅದೇ ಕ್ಲಬ್‌ಗಳು, 101. ಆರೇಳು ದಿನದಲ್ಲಿ ಯಾರಾದ್ರೂ ಆಟ ಮರೀತಾರಾ?

ಆಗೆಲ್ಲ ನನ್ನ ಮದ್ದು ಒಂದೇ ಆಗಿತ್ತು: ಸ್ವಿಂಗ್ ಬದಲಾಯಿಸುವುದು. ಈ ವಾರ ಗ್ರಿಪ್, ಬರುವ ವಾರ ಭುಜ, ಅದರ ಮುಂದಿನ ವಾರ ಇನ್ಯಾವುದೋ ವಿಡಿಯೋದಲ್ಲಿ ನೋಡಿದ ಮೊಣಕೈ. ಎರಡು ವರ್ಷ ಹೀಗೇ ಹೋಯಿತು.

ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಅಂಕಿ) ನೋಡಿದರೆ ಎಲ್ಲ ಸರಿಯಿದೆ ಅನ್ನಿಸುತ್ತಿತ್ತು. ಅದರ ಲೆಕ್ಕಕ್ಕೆ ಬರುವುದು ಕೊನೆಯ 20 ಸುತ್ತುಗಳಲ್ಲಿ ಚೆನ್ನಾಗಿ ಆಡಿದ 8 ಮಾತ್ರ. ಉಳಿದ 12 ಸುತ್ತುಗಳಲ್ಲಿ ನಾನು ಎಷ್ಟು ಕೆಟ್ಟದಾಗಿ ಆಡಿದೆ ಅಂತ ಅದು ಹೇಳುವುದೇ ಇಲ್ಲ. ನನ್ನ ಕಾಯಿಲೆ ಇದ್ದದ್ದೇ ಆ 12ರಲ್ಲಿ.

ಕೊನೆಗೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಡಬಲ್ ಬೋಗಿ (ಹೋಲ್‌ಗೆ ನಿಗದಿಯಾದದ್ದಕ್ಕಿಂತ ಎರಡು ಹೊಡೆತ ಹೆಚ್ಚು) ಅಥವಾ ಅದಕ್ಕಿಂತ ಜಾಸ್ತಿ ಆದ ಹೋಲ್‌ಗಳನ್ನಷ್ಟೇ ಬರೆದೆ: ಯಾವ ಹೊಡೆತದಿಂದ ಕೆಟ್ಟಿತು, ಚೆಂಡು ಎಲ್ಲಿಗೆ ಹೋಯಿತು. ಹತ್ತು ಸುತ್ತು ಆದಮೇಲೆ ಓದಿದರೆ ನಾಚಿಕೆ ಆಯಿತು. ನಾನು ಬೈಯುತ್ತಿದ್ದದ್ದು ಡ್ರೈವರನ್ನು, ಅಂದರೆ ಮೊದಲ ಉದ್ದದ ಹೊಡೆತದ ಕ್ಲಬ್ಬನ್ನು. ಆದರೆ ಬಲಗಡೆ ಮರಗಳೊಳಗೆ ಹೋದ ಡ್ರೈವ್‌ಗೆ ಹೋಗುವುದು ಒಂದೇ ಹೊಡೆತ. ಆಮೇಲೆ ಎರಡು ಕೊಂಬೆಗಳ ನಡುವೆ ಕಿಂಡಿ ಕಂಡಿತು ಅಂತ ಗ್ರೀನಿಗೇ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಗುರಿಯಿಟ್ಟು ಹೊಡೆಯುತ್ತಿದ್ದೆನಲ್ಲ, ಅಲ್ಲಿ ಇನ್ನೆರಡು ಹೋಗುತ್ತಿದ್ದವು. ಈಗ ದೊಡ್ಡ ಕಿಂಡಿ ಇಲ್ಲದಿದ್ದರೆ ಸುಮ್ನೆ ಪಕ್ಕಕ್ಕೆ, ಹುಲ್ಲು ಕತ್ತರಿಸಿದ ದಾರಿಯಾದ ಫೇರ್‌ವೇಗೆ ಹೊಡೆಯುತ್ತೇನೆ. ಜೊತೆಯವರು ನಗುತ್ತಾರೆ, ನಗಲಿ.

ಐರನ್ (ನಡುದೂರಕ್ಕೆ ಬಳಸುವ ಕ್ಲಬ್) ಹೊಡೆತಗಳಿಗೆ ಜಾಸ್ತಿ ಸಮಯ ಹಿಡಿಯಿತು. ರೇಂಜ್‌ನಲ್ಲಿ (ಅಭ್ಯಾಸದ ಮೈದಾನ) ಹುಲ್ಲಿನ ಮೇಲೆ ಚೆಂಡಿಗೆ ಅಡ್ಡವಾಗಿ ಒಂದು ಗೆರೆ ಎಳೆದೆ. ಚೆಂಡು ತೆಗೆದು, ಆ ಗೆರೆಯನ್ನೇ ಚೆಂಡು ಅಂದುಕೊಂಡು ಹೊಡೆದೆ. ಹುಲ್ಲು ಕಿತ್ತ ಗುರುತು ಗೆರೆಯಿಂದ ಗುರಿಯ ಕಡೆಗೆ ಶುರುವಾಗಬೇಕು, ಯಾಕೆಂದರೆ ಕ್ಲಬ್ ಮೊದಲು ಚೆಂಡಿಗೆ ತಾಗಿ ಆಮೇಲೆ ನೆಲಕ್ಕೆ ತಾಗಬೇಕು. ನನ್ನದು ಒಮ್ಮೆ ಗೆರೆಯ ಮೇಲೆ, ಒಮ್ಮೆ ನಾಲ್ಕು ಬೆರಳು ಹಿಂದೆ. ಸ್ವಿಂಗ್ ಕೆಟ್ಟಿದೆ ಅಂದುಕೊಂಡಿದ್ದೆ. ಕೋಚ್ ಒಂದು ಕೋಲನ್ನು ಕಾಲ ಬಳಿ ಇಟ್ಟು ತೋರಿಸಿದರು: ನಾನು ಪ್ರತಿ ಸಲ ನಿಂತಾಗಲೂ ಚೆಂಡಿನ ಜಾಗವೇ ಬೇರೆ ಇರುತ್ತಿತ್ತು! ಎರಡು ಮೂರು ಬೆರಳಿನಷ್ಟು ವ್ಯತ್ಯಾಸ, ಅಷ್ಟೇ. ಜೊತೆಗೆ ಹೊಡೆಯುವಾಗ ದೇಹದ ಭಾರ ಹಿಂದಿನ ಕಾಲಿನಲ್ಲೇ ಉಳಿಯುತ್ತಿತ್ತು. ಇವೆರಡನ್ನು ಬಿಟ್ಟು ಬೇರೇನೂ ಮುಟ್ಟಬಾರದು ಅಂತ ಮೂರು ತಿಂಗಳು ಹಟ ಹಿಡಿದೆ. ವಿಡಿಯೋ ನೋಡುವುದನ್ನೂ ಬಿಟ್ಟೆ. ಅದೇ ಎಲ್ಲಕ್ಕಿಂತ ಕಷ್ಟವಾದದ್ದು.

ದೂರದ ವಿಷಯದಲ್ಲೂ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೆ. ನನ್ನ 7 ಐರನ್ 150 ಗಜ ಅಂತ ಹೆಮ್ಮೆಯಿತ್ತು. 20 ಚೆಂಡು ಹೊಡೆದು ಪ್ರತಿಯೊಂದೂ ಎಲ್ಲಿ ಬೀಳುತ್ತದೆ ಅಂತ ಬರೆದೆ. 150 ಮುಟ್ಟಿದ್ದು ಒಂದೇ ಒಂದು. ಹೆಚ್ಚಿನವು 135ರಿಂದ 142ರೊಳಗೆ. ಗ್ರೀನಿನ ಮುಂದಿನ ಮರಳು ಗುಂಡಿಗೇ (ಬಂಕರ್) ನಾನು ಯಾಕೆ ಬೀಳುತ್ತಿದ್ದೆ ಅಂತ ಆಗ ಗೊತ್ತಾಯಿತು. ಈಗ 138 ಅಂತ ಲೆಕ್ಕ ಹಾಕಿ, ಬಾವುಟ ಎಲ್ಲೇ ಇರಲಿ, ಗ್ರೀನಿನ ನಡುವಿಗೆ ಹೊಡೆಯುತ್ತೇನೆ.

ಅಭ್ಯಾಸವನ್ನೂ ಬದಲಾಯಿಸಿದೆ. ಒಂದೇ ಕ್ಲಬ್‌ನಲ್ಲಿ ಸಾಲಾಗಿ 50 ಚೆಂಡು ಹೊಡೆದರೆ ಇಪ್ಪತ್ತನೆಯದರ ಹೊತ್ತಿಗೆ ಎಲ್ಲರೂ ಚಾಂಪಿಯನ್ನರೇ. ಕೋರ್ಸ್‌ನಲ್ಲಿ ಎರಡನೇ ಚೆಂಡು ಯಾರು ಕೊಡ್ತಾರೆ? ಈಗ ಪ್ರತಿ ಚೆಂಡಿಗೂ ಕ್ಲಬ್ ಬದಲಿಸುತ್ತೇನೆ. ಪ್ರತಿ ಸಲ ಹಿಂದೆ ಹೋಗಿ, ಗುರಿ ನೋಡಿ, ಮತ್ತೆ ಬಂದು ನಿಲ್ಲುತ್ತೇನೆ. ಅದೇ ಹೊತ್ತಿನಲ್ಲಿ 30 ಚೆಂಡು ಮಾತ್ರ ಆಗುತ್ತದೆ.

ಪಟ್ಟಿಂಗ್‌ನಲ್ಲಿ, ಅಂದರೆ ಗ್ರೀನಿನ ಮೇಲೆ ಪಟರ್ ಎಂಬ ಕ್ಲಬ್‌ನಿಂದ ಚೆಂಡನ್ನು ಹೋಲ್‌ಗೆ ಉರುಳಿಸುವಾಗ, ಒಂದು ಲೆಕ್ಕ ನನ್ನ ತಲೆನೋವು ಕಡಿಮೆ ಮಾಡಿತು. ಪಿಜಿಎ ಟೂರ್‌ನ ವೃತ್ತಿಪರ ಆಟಗಾರರೂ 8 ಅಡಿಯ ಪಟ್‌ಗಳಲ್ಲಿ ಹಾಕುವುದು ಸುಮಾರು ಅರ್ಧದಷ್ಟನ್ನೇ. ನಾನು ಅದಕ್ಕಾಗಿ ಪಟರ್ ಎಸೆಯುವ ಅಗತ್ಯ ಇರಲಿಲ್ಲ ಬಿಡಿ. ನನ್ನ ಹೊಡೆತಗಳು ಸೋರುತ್ತಿದ್ದದ್ದು 30, 40 ಅಡಿಯಿಂದ, ಮೂರು ಪಟ್‌ಗಳಲ್ಲಿ. ಈಗ ಆ ದೂರದಿಂದ ಚೆಂಡು ಹೋಲ್‌ನ 3 ಅಡಿಯೊಳಗೆ ನಿಲ್ಲುವಂತೆ ಅಭ್ಯಾಸ ಮಾಡುತ್ತೇನೆ. ಆಮೇಲೆ ಆ 3 ಅಡಿಯನ್ನು, ಪಟರ್ ತೂರುವಷ್ಟೇ ಜಾಗ ಬಿಟ್ಟು ಎರಡು ಟೀ (ಚೆಂಡು ಇಡುವ ಚಿಕ್ಕ ಗೂಟ) ಚುಚ್ಚಿ, ಅವುಗಳ ನಡುವೆ ಹೊಡೆಯುತ್ತೇನೆ. ನಡುವಿನ ದೂರಗಳನ್ನು ಮುಟ್ಟುವುದೇ ಇಲ್ಲ.

ಕಳೆದ ಹತ್ತು ಸುತ್ತು 87ರಿಂದ 94ರೊಳಗೆ ಇವೆ. ನನ್ನ ಅತ್ಯುತ್ತಮ 84 ಮೂರು ವರ್ಷ ಹಳೆಯದು, ಅದು ಒಂದು ಹೊಡೆತವೂ ಇಳಿದಿಲ್ಲ. ನೋಟ್‌ಬುಕ್ಕಿನಲ್ಲಿ ಈಗ ಜಾಸ್ತಿ ಕಾಣುವುದು 16, 17, 18ನೇ ಹೋಲ್‌ಗಳು. ಕಾಲು ಸೋಲುತ್ತಿದೆಯೋ, ಸ್ಕೋರ್ ಲೆಕ್ಕ ಹಾಕಲು ಶುರುಮಾಡುತ್ತೇನೋ ಗೊತ್ತಿಲ್ಲ. ಈ ತಿಂಗಳು ಕಾರ್ಡ್ ಅನ್ನು ಜೊತೆಯವರ ಕೈಗೇ ಕೊಟ್ಟು, ಮುಗಿಯುವ ತನಕ ಕೇಳದೆ ಆಡಿ ನೋಡುತ್ತಿದ್ದೇನೆ.