ಇಟಲಿಯ ಹಳೆಯ ಊರುಗಳಲ್ಲಿ ಬಾಡಿಗೆ ಕಾರನ್ನು ನಿಲ್ಲಿಸಿದ ನನ್ನ ಅನುಭವ

ರೋಮ್ ನೋಡುವುದು ಮುಗಿಯುವವರೆಗೆ ನಾವು ಕಾರು ತೆಗೆದುಕೊಳ್ಳಲಿಲ್ಲ. ರೋಮ್‌ನಲ್ಲಿ ಮೆಟ್ರೊ, ಬಸ್ಸು ಮತ್ತು ನಮ್ಮ ಕಾಲುಗಳು ಸಾಕಾದವು. ಐದನೆಯ ದಿನ ಬೆಳಿಗ್ಗೆ ರೈಲಿನಲ್ಲಿ ಫ್ಯುಮಿಚಿನೊ ವಿಮಾನ ನಿಲ್ದಾಣಕ್ಕೆ ಹಿಂತಿರುಗಿ, ಮೊದಲೇ ಕಾಯ್ದಿರಿಸಿದ್ದ ಸಣ್ಣ ಕಾರನ್ನು ಅಲ್ಲಿಂದಲೇ ಪಡೆದೆವು. ನಾನು, ನನ್ನ ಹೆಂಡತಿ, ಅಕ್ಕ ಮತ್ತು ಭಾವ, ಹೀಗೆ ನಾಲ್ಕು ಜನ. ಭಾವನಿಗೆ ಮಂಡಿನೋವು ಇದ್ದುದರಿಂದ, ಗುಡ್ಡದ ಮೇಲೆ ಕುಳಿತಿರುವ ಉಂಬ್ರಿಯಾ ಮತ್ತು ಟಸ್ಕನಿಯ ಊರುಗಳಿಗೆ ಬಸ್ಸು ಬದಲಿಸುತ್ತಾ ಹೋಗುವುದು ಕಷ್ಟವೆಂದು ಕಾರಿನ ಯೋಚನೆ ಮಾಡಿದ್ದೆವು. ಬೆಂಗಳೂರಿನ ಆರ್‌ಟಿಒ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದೆ. ಕಾರು ಕೊಡುವಾಗ ಅದನ್ನೂ ಮೂಲ ಲೈಸೆನ್ಸನ್ನೂ ಎರಡನ್ನೂ ಕೇಳಿದರು. ಎಡಗಡೆ ಕುಳಿತು, ಬಲಗೈಯಲ್ಲಿ ಗೇರು ಹಾಕುತ್ತಾ, ರಸ್ತೆಯ ಬಲಬದಿಯಲ್ಲಿ ಓಡಿಸುವುದು ಅರ್ಧ ದಿನದಲ್ಲಿ ರೂಢಿಯಾಯಿತು. ಕಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಯುವುದಕ್ಕೆ ಮಾತ್ರ ಇಡೀ ಪ್ರವಾಸವೇ ಬೇಕಾಯಿತು.

ಈ ಊರುಗಳು ಕಾರಿಗಾಗಿ ಹುಟ್ಟಿದವಲ್ಲ. ಕೋಟೆಗೋಡೆ, ಅದರಲ್ಲೊಂದು ಕಮಾನು ಬಾಗಿಲು, ಒಳಗೆ ಎರಡು ಎತ್ತಿನಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿಗಳು. ಹೀಗಾಗಿ ಬಹುತೇಕ ಎಲ್ಲ ಐತಿಹಾಸಿಕ ಊರುಗಳ ನಡುಭಾಗವನ್ನು ಸ್ಥಳೀಯ ಆಡಳಿತವು ‘ಜೋನಾ ಆ ತ್ರಾಫಿಕೊ ಲಿಮಿತಾತೊ’, ಅಂದರೆ ಸೀಮಿತ ವಾಹನ ಸಂಚಾರದ ವಲಯ ಎಂದು ಘೋಷಿಸಿದೆ. ಎಲ್ಲರೂ ಅದನ್ನು ಚಿಕ್ಕದಾಗಿ ಜೆಡ್‌ಟಿಎಲ್ ಎನ್ನುತ್ತಾರೆ. ಅನುಮತಿಯಿಲ್ಲದ ವಾಹನ ಒಳಗೆ ಹೋದರೆ ತಡೆಯಲು ಅಲ್ಲಿ ಪೊಲೀಸರು ನಿಂತಿರುವುದಿಲ್ಲ, ಗೇಟು ಅಡ್ಡ ಬರುವುದಿಲ್ಲ. ಕಂಬದ ಮೇಲಿರುವ ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆದುಕೊಂಡು ಸುಮ್ಮನಾಗುತ್ತದೆ. ಒಳಗೆ ಹೋದವರಿಗೆ ತಾವು ತಪ್ಪು ಮಾಡಿದ್ದೇವೆಂದು ಗೊತ್ತಾಗುವುದು ತಿಂಗಳುಗಳ ನಂತರ.

ಇದನ್ನು ನಾನು ಓದಿ ತಿಳಿದುಕೊಂಡೇ ಹೋಗಿದ್ದೆ. ಆದರೂ ತಪ್ಪಾಯಿತು. ಟಸ್ಕನಿಯ ಒಂದು ಊರಿನಲ್ಲಿ, ಸಂಜೆಗತ್ತಲಲ್ಲಿ, ನಕ್ಷೆಯ ಆ್ಯಪಿಗೆ ಪಾರ್ಕಿಂಗ್ ಜಾಗದ ಹೆಸರನ್ನು ಕೊಡುವ ಬದಲು ಊರಿನ ಹೆಸರನ್ನಷ್ಟೇ ಕೊಟ್ಟಿದ್ದೆ. ಊರಿನ ಹೆಸರು ಕೊಟ್ಟರೆ ಆ್ಯಪು ಊರಿನ ನಟ್ಟನಡುವಿಗೆ, ಅಂದರೆ ಕಾರು ಹೋಗಲೇಬಾರದ ಜಾಗಕ್ಕೆ ದಾರಿ ತೋರಿಸುತ್ತದೆ. ಕಮಾನಿನ ಪಕ್ಕದಲ್ಲಿ ಕೆಂಪು ಅಂಚಿನ ಬಿಳಿ ವೃತ್ತದ ಫಲಕ, ಅದರ ಕೆಳಗೆ ನಾಲ್ಕೈದು ಸಾಲು ಇಟಾಲಿಯನ್ ಬರಹ, ಮೇಲೆ ಬೆಳಗುವ ಅಕ್ಷರಗಳಲ್ಲಿ ‘ವಾರ್ಕೊ ಅತ್ತೀವೊ’ ಎಂದು ಇತ್ತು. “ರೀ, ಅತ್ತೀವೊ ಅಂದ್ರೆ ಆ್ಯಕ್ಟಿವ್ ತಾನೇ, ಬಾಗಿಲು ತೆರೆದಿದೆ ಅಂತ ಇರಬೇಕು” ಎಂದಳು ಹೆಂಡತಿ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಒಳಗೆ ನಡೆದೆ. ಅರ್ಥ ಅದಕ್ಕೆ ತದ್ವಿರುದ್ಧ: ‘ಅತ್ತೀವೊ’ ಎಂದರೆ ಕ್ಯಾಮೆರಾದ ಕಾವಲು ಜಾರಿಯಲ್ಲಿದೆ, ಒಳಗೆ ಬರಬಾರದು, ‘ನೋನ್ ಅತ್ತೀವೊ’ ಎಂದು ಇದ್ದರೆ ಆ ಹೊತ್ತಿಗೆ ನಿರ್ಬಂಧವಿಲ್ಲ. ಓಣಿ ಕಿರಿದಾಗುತ್ತಾ ಹೋದಾಗ ಗಾಬರಿಯಾಗಿ ಹೇಗೋ ಹೊರಗೆ ಬಂದೆ. ದಾರಿ ಹುಡುಕುತ್ತಾ ಕೋಟೆಯ ಸುತ್ತ ಹೋಗುವಾಗ, ಹತ್ತು ನಿಮಿಷದೊಳಗೆ, ಇನ್ನೊಂದು ಬಾಗಿಲಿನಿಂದ ಮತ್ತೆ ಒಳಗೆ ನುಗ್ಗಿದ್ದೆ.

ಪ್ರತಿ ಪ್ರವೇಶವೂ ಬೇರೆ ಬೇರೆ ತಪ್ಪೆಂದೇ ಲೆಕ್ಕವಾಗುತ್ತದೆ. ಊರಿಗೆ ಮರಳಿ ಎರಡು ತಿಂಗಳಾದ ಮೇಲೆ ನನ್ನ ಕ್ರೆಡಿಟ್ ಕಾರ್ಡಿನಿಂದ ಬಾಡಿಗೆ ಕಂಪನಿಯು ಎರಡು ಬಾರಿ ಹಣ ಕಡಿದುಕೊಂಡಿತು. ಅದು ದಂಡವಲ್ಲ, ಚಾಲಕನ ಹೆಸರು ಮತ್ತು ವಿಳಾಸವನ್ನು ಪೊಲೀಸರಿಗೆ ತಿಳಿಸಿದ್ದಕ್ಕೆ ಕಂಪನಿಯ ಶುಲ್ಕ, ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಅದು ಬರೆದೇ ಇತ್ತು. ನಿಜವಾದ ದಂಡದ ಪತ್ರಗಳು ಏಳು ತಿಂಗಳ ಬಳಿಕ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದವು. ವಿದೇಶದಲ್ಲಿರುವವರಿಗೆ ನೋಟಿಸು ಕಳಿಸಲು ಅಲ್ಲಿನ ಕಾನೂನು 360 ದಿನಗಳ ಅವಕಾಶ ಕೊಡುತ್ತದೆಯಾದ್ದರಿಂದ, ಆರು ತಿಂಗಳು ಏನೂ ಬರಲಿಲ್ಲವೆಂದು ನೆಮ್ಮದಿಯಾಗಿ ಇರುವಂತಿಲ್ಲ. ಪತ್ರ ಕೈಸೇರಿದ 5 ದಿನಗಳೊಳಗೆ ಕಟ್ಟಿದರೆ ಶೇ 30ರಷ್ಟು ರಿಯಾಯಿತಿ ಇರುತ್ತದೆ. ನಾನು ಮರುದಿನವೇ ಕಟ್ಟಿದೆ. ಆದರೂ ಅಂಚೆ ಖರ್ಚು ಸೇರಿ ಎರಡಕ್ಕೂ ಒಟ್ಟು 150 ಯೂರೋ ದಾಟಿತು, ಕಂಪನಿಯ ಶುಲ್ಕ ಬೇರೆ.

ಆ ಸಂಜೆಯ ಗಾಬರಿಯ ನಂತರ ನಾವು ಒಂದು ಕ್ರಮ ಮಾಡಿಕೊಂಡೆವು. ರಾತ್ರಿ ಊಟವಾದ ಮೇಲೆ ಮರುದಿನದ ಊರಿನ ನಕ್ಷೆ ತೆಗೆದು, ಕೋಟೆಯ ಹೊರಗಿರುವ ಒಂದು ಪಾರ್ಕಿಂಗ್ ಜಾಗ, ಅದು ತುಂಬಿದ್ದರೆ ಇರಲೆಂದು ಇನ್ನೊಂದು, ಹೀಗೆ ಎರಡನ್ನು ಗುರುತು ಮಾಡಿಕೊಳ್ಳುವುದು. ಬೆಳಿಗ್ಗೆ ಆ್ಯಪಿಗೆ ಆ ಜಾಗದ ಹೆಸರನ್ನು ಮಾತ್ರ ಕೊಡುವುದು. ನೋಡಬೇಕಾದ ಚರ್ಚು, ಚೌಕಗಳ ಆಯ್ಕೆ ಆಮೇಲೆ.

ಈ ಊರುಗಳನ್ನು ಆಳುವವರು ಕಾರನ್ನು ಹೊರಗಿಟ್ಟು ಕೈತೊಳೆದುಕೊಂಡಿಲ್ಲ ಎಂಬುದನ್ನು ಭಾವನ ಮಂಡಿಯೇ ನಮಗೆ ತೋರಿಸಿಕೊಟ್ಟಿತು. ಓರ್ವಿಯೆತೊ ಊರು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಡಿದಾದ ಬಂಡೆಯ ಮೇಲಿದೆ. ಅದರ ಬುಡದಲ್ಲಿರುವ ಕಾಂಪೊ ದೆಲ್ಲಾ ಫಿಯೆರಾ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದರೆ, ಬಂಡೆಯೊಳಗೇ ಮಾಡಿರುವ ಲಿಫ್ಟು ಮತ್ತು ಎಸ್ಕಲೇಟರ್‌ಗಳು ಮೇಲಿನ ಓಣಿಗೆ ತಂದು ಬಿಡುತ್ತವೆ. ಪೆರೂಜಾದಲ್ಲಿ ಇದಕ್ಕಿಂತ ಚಂದ. ಪಿಯಾತ್ಸಾ ಪಾರ್ತಿಜಾನಿಯ ಪಾರ್ಕಿಂಗಿನಿಂದ ಎಸ್ಕಲೇಟರ್ ಹತ್ತಿದೆವು. ಎರಡು ಹಂತ ಮೇಲೆ ಹೋದೊಡನೆ ಸಿಮೆಂಟಿನ ಗೋಡೆ ಮುಗಿದು, ಇಟ್ಟಿಗೆಯ ಕಮಾನುಗಳ ಕೆಳಗೆ ದೀಪ ಹಚ್ಚಿದ ಒಂದು ಬೀದಿಯೇ ಎದುರಾಯಿತು. ಅದು ರೊಕ್ಕಾ ಪಾವೊಲೀನಾ: 1540ರ ದಶಕದಲ್ಲಿ ಪೋಪ್ ಮೂರನೆಯ ಪಾಲ್ ಪೆರೂಜಾವನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿಸಿದ ಕೋಟೆ. ಎದುರಾಳಿಗಳಾದ ಬಲ್ಯೋನಿ ಮನೆತನದವರು ವಾಸಿಸುತ್ತಿದ್ದ ಬೀದಿಗಳ ಮೇಲೆಯೇ ಕೋಟೆ ಎದ್ದಿದ್ದರಿಂದ ಮನೆ, ಬಾಗಿಲು, ಓಣಿಗಳೆಲ್ಲ ನೆಲದಡಿಗೆ ಸೇರಿದವು. 1983ರಲ್ಲಿ ಅದರೊಳಗಿನಿಂದ ಎಸ್ಕಲೇಟರ್ ಹಾಯಿಸಿದರು. ಪಾರ್ಕಿಂಗಿನಿಂದ ಊರಿಗೆ ಹೋಗುವ ಮೆಟ್ಟಿಲೇ ಊರಿನ ಅರ್ಧ ಚರಿತ್ರೆ ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. “ಇಷ್ಟು ದೂರ ನಡೆಸ್ತೀಯೇನೋ ಅಂತ ಬೈಬೇಕು ಅಂದ್ಕೊಂಡಿದ್ದೆ, ಮಾರಾಯ” ಎಂದು ಭಾವ ಮೇಲಿನ ಪಿಯಾತ್ಸಾ ಇತಾಲಿಯಾದ ಬೆಂಚಿನ ಮೇಲೆ ಕುಳಿತು ನಕ್ಕರು.

ಸಿಯೆನಾದಲ್ಲಿ ಕ್ರೀಡಾಂಗಣದ ಪಕ್ಕದ ಪಾರ್ಕಿಂಗ್ ಹತ್ತಿರವೆಂದು ಕಂಡರೂ, ಬುಧವಾರ ಅಲ್ಲೇ ಸುತ್ತಮುತ್ತ ವಾರದ ಸಂತೆ ನೆರೆಯುತ್ತದೆ; ನಾವು ಹೋದದ್ದು ಬುಧವಾರವೇ. ಫೊಂತೆಬ್ರಾಂದಾ ಕಡೆಯ ಸಾಂತಾ ಕತೆರೀನಾ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಅಲ್ಲಿಯೂ ಇರುವ ಎಸ್ಕಲೇಟರ್‌ನಲ್ಲಿ ಪ್ರಧಾನ ಚರ್ಚಿನ ಹತ್ತಿರ ತಲುಪಿದೆವು. ಜುಲೈ 2 ಮತ್ತು ಆಗಸ್ಟ್ 16ರಂದು ಅಲ್ಲಿ ಪಾಲಿಯೊ ಕುದುರೆ ಓಟ ನಡೆಯುವುದರಿಂದ ಆ ದಿನಗಳ ಆಸುಪಾಸಿನಲ್ಲಿ ಕಾರು ತರುವುದನ್ನೇ ಬಿಡುವುದು ಲೇಸು. ಸಾನ್ ಜಿಮಿನ್ಯಾನೊ ಚಿಕ್ಕದು. ಪಿ2 ಮೊಂತೆಮಾಜ್ಜೊ ಎಂಬ ಪಾರ್ಕಿಂಗ್ ದಕ್ಷಿಣದ ಬಾಗಿಲಿಗೆ ಹತ್ತಿರ, ಪಿ1 ಜುಬಿಲೇಯೊ ದೂರ ಆದರೆ ಅಗ್ಗ. ಬೆಳಿಗ್ಗೆ ಎಂಟೂವರೆಗೇ ತಲುಪಿದ್ದರಿಂದ ನಮಗೆ ಪಿ2ರಲ್ಲಿ ಜಾಗ ಸಿಕ್ಕಿತು.

ಬೀದಿಬದಿಯಲ್ಲಿ ನಿಲ್ಲಿಸಬೇಕಾಗಿ ಬಂದಾಗ ಮೊದಲು ನೋಡಬೇಕಾದದ್ದು ನೆಲದ ಗೆರೆಯ ಬಣ್ಣ. ನೀಲಿ ಗೆರೆಗೆ ಹಣ ಕಟ್ಟಬೇಕು. ಬಿಳಿ ಗೆರೆಗೆ ಸಾಮಾನ್ಯವಾಗಿ ಹಣವಿಲ್ಲ, ಆದರೆ ಎಷ್ಟು ಹೊತ್ತು ಎಂಬ ಮಿತಿ ಇರಬಹುದು. ಹಳದಿ ಗೆರೆ ಬೇರೆಯವರಿಗೆ ಮೀಸಲು: ಅಂಗವಿಕಲರಿಗೆ, ಸರಕು ಇಳಿಸುವವರಿಗೆ, ಕೆಲವೆಡೆ ನಿವಾಸಿಗಳಿಗೆ. ಗೆರೆ ನೋಡಿದ ಮೇಲೆ ಫಲಕ ಓದಬೇಕು, ಮತ್ತು ನನಗೆ ಹೆಚ್ಚು ಹೊತ್ತು ಹಿಡಿದದ್ದು ಇದೇ. ಫಲಕದಲ್ಲಿ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಗಳ ಚಿತ್ರವಿದ್ದರೆ ಅದರ ಮುಂದಿನ ಸಮಯ ಕೆಲಸದ ದಿನಗಳಿಗೆ ಅನ್ವಯ, ಶನಿವಾರವೂ ಅದರಲ್ಲಿ ಸೇರಿದೆ. ಶಿಲುಬೆಯ ಚಿತ್ರವಿದ್ದರೆ ಭಾನುವಾರ ಮತ್ತು ರಜಾದಿನಗಳಿಗೆ. ಶನಿವಾರ ರಜೆಯಲ್ಲವೇ ಎಂದುಕೊಂಡು ನಾನು ಒಮ್ಮೆ ಹಣ ಕಟ್ಟದೆ ಹೊರಟಿದ್ದೆ. ಪಕ್ಕದ ಕಾರಿನ ಹೆಂಗಸು ಸುತ್ತಿಗೆಯ ಚಿತ್ರವನ್ನು ಬೆರಳಿನಿಂದ ತಟ್ಟಿ ತೋರಿಸಿ, ‘ಸಾಬತೊ, ಸೀ’ ಎಂದು ತಲೆಯಾಡಿಸಿದರು. ಕಾರನ್ನು ಎಳೆದೊಯ್ಯುವ ಲಾರಿಯ ಚಿತ್ರವಿದ್ದರೆ ಒಂದು ನಿಮಿಷವೂ ನಿಲ್ಲಿಸಬಾರದು. ‘ಲವಾಜ್ಜೊ ಸ್ತ್ರಾದೆ’ ಅಥವಾ ‘ಪುಲಿತ್ಸಿಯಾ ಸ್ತ್ರಾದೆ’ ಎಂದಿದ್ದರೆ ಅಲ್ಲಿ ಬರೆದಿರುವ ವಾರದ ದಿನದ ರಾತ್ರಿ ಬೀದಿ ತೊಳೆಯುತ್ತಾರೆ. ಹಗಲು ನಿಶ್ಚಿಂತೆಯಾಗಿದ್ದ ಜಾಗದಿಂದ ರಾತ್ರಿ ಕಾರು ಮಾಯವಾಗುವುದು ಇದರಿಂದಲೇ. ಇಟಾಲಿಯನ್ ವಾರದ ಹೆಸರುಗಳು ಏಳೇ ಏಳು, ಬಾಯಿಪಾಠ ಮಾಡಿಕೊಳ್ಳುವುದು ಕಷ್ಟವೇನಲ್ಲ.

ನೀಲಿ ಗೆರೆಯ ಹಣ ಕಟ್ಟುವ ಯಂತ್ರ ಬೀದಿಯ ಕೊನೆಯಲ್ಲೆಲ್ಲೋ ಇರುತ್ತದೆ. ಕೆಲವು ಯಂತ್ರಗಳು ಕಾರಿನ ಸಂಖ್ಯೆಯನ್ನು ಒತ್ತಿಸಿಕೊಳ್ಳುತ್ತವೆ, ಹಳೆಯವು ಚೀಟಿ ಮಾತ್ರ ಕೊಡುತ್ತವೆ; ಅದನ್ನು ಮುಂದಿನ ಗಾಜಿನ ಹಿಂದೆ, ಡ್ಯಾಶ್‌ಬೋರ್ಡಿನ ಮೇಲೆ, ಅಕ್ಷರ ಹೊರಗೆ ಕಾಣುವಂತೆ ಇಡಬೇಕು. ನಮ್ಮ ಭಾರತದ ಕಾರ್ಡು ಒಂದು ಯಂತ್ರದಲ್ಲಿ ನಡೆಯಿತು, ಮುಂದಿನದರಲ್ಲಿ ನಡೆಯಲಿಲ್ಲ. ಆದ್ದರಿಂದ ಒಂದು ಮತ್ತು ಎರಡು ಯೂರೋ ನಾಣ್ಯಗಳನ್ನು ಖರ್ಚು ಮಾಡದೆ ಒಂದು ಹಳೆಯ ಮಾತ್ರೆಡಬ್ಬಿಯಲ್ಲಿ ಕೂಡಿಡುವ ಹೊಣೆಯನ್ನು ಅಕ್ಕ ವಹಿಸಿಕೊಂಡಳು. ಬಿಳಿ ಗೆರೆಯ ಕೆಲವು ಜಾಗಗಳಲ್ಲಿ ಹಣದ ಬದಲು ‘ದಿಸ್ಕೊ ಒರಾರಿಯೊ’ ಬೇಕು: ಗಡಿಯಾರದಂತೆ ತಿರುಗುವ ಚಕ್ರವಿರುವ ಒಂದು ರಟ್ಟು, ಕಾರು ನಿಲ್ಲಿಸಿದ ಸಮಯವನ್ನು ಅದರಲ್ಲಿ ತೋರಿಸಿ ಗಾಜಿನ ಹಿಂದೆ ಇಡುವುದು. ನಮ್ಮ ಕಾರಿನ ಮುಂದಿನ ಖಾನೆಯಲ್ಲೇ ಒಂದಿತ್ತು; ಇಲ್ಲದಿದ್ದರೆ ಬೀದಿಯ ತಬಾಕಿ, ಅಂದರೆ ತಂಬಾಕು ಮಾರುವ ಅಂಗಡಿಯಲ್ಲಿ ಸಿಗುತ್ತದೆ.

ಮುಚ್ಚಿದ ಪಾರ್ಕಿಂಗುಗಳಲ್ಲಿ ಒಳಗೆ ಹೋಗುವಾಗ ಬರುವ ಚೀಟಿಯನ್ನು ಕಾರಿನಲ್ಲಿ ಬಿಡದೆ ಜೇಬಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಹೊರಡುವ ಮೊದಲು ‘ಕಾಸ್ಸಾ’ ಎಂದು ಬರೆದ ಯಂತ್ರದಲ್ಲಿ ಹಣ ಕಟ್ಟಿಯೇ ಕಾರಿನ ಬಳಿಗೆ ಹೋಗಬೇಕು. ಹೊರಹೋಗುವ ಗೇಟಿನಲ್ಲಿ ಹಣ ಕಟ್ಟಬಹುದೆಂದುಕೊಂಡು ಓರ್ವಿಯೆತೊದಲ್ಲಿ ನಾನು ಗೇಟಿನವರೆಗೂ ಹೋಗಿ, ಹಿಂದೆ ಮೂರು ಕಾರುಗಳು ಸಾಲುಗಟ್ಟಿದ ಮೇಲೆ ಎಲ್ಲರನ್ನೂ ಹಿಂದೆ ಸರಿಸಬೇಕಾಯಿತು.

ಇನ್ನು ಕಳ್ಳತನದ ಮಾತು. ನಮ್ಮ ಅತಿ ಅಪಾಯದ ದಿನಗಳೆಂದರೆ ಒಂದು ಊರು ಬಿಟ್ಟು ಮತ್ತೊಂದಕ್ಕೆ ಹೋಗುವ ದಿನಗಳು, ಏಕೆಂದರೆ ಆಗ ನಾಲ್ವರ ಸೂಟ್‌ಕೇಸುಗಳೂ ಡಿಕ್ಕಿಯಲ್ಲಿರುತ್ತವೆ. ಬಾಡಿಗೆ ಕಾರು ನೋಡಿದೊಡನೆ ಪ್ರವಾಸಿಗರದ್ದೆಂದು ಗೊತ್ತಾಗುವುದುಂಟು. ಕಾರು ಆರಿಸುವಾಗಲೇ ಡಿಕ್ಕಿಯ ಮೇಲೆ ಮುಚ್ಚುವ ಹಲಗೆ ಇದೆಯೇ, ಎಲ್ಲ ಪೆಟ್ಟಿಗೆಗಳೂ ಅದರ ಕೆಳಗೆ ಕೂರುತ್ತವೆಯೇ ಎಂದು ನೋಡಿಕೊಂಡಿದ್ದೆ. ಒಂದು ಸೂಟ್‌ಕೇಸು ಹಿಡಿಸದೆ ಹಿಂದಿನ ಸೀಟಿಗೆ ಬರುವಂತಿದ್ದುದರಿಂದ ಒಂದು ದರ್ಜೆ ದೊಡ್ಡ ಕಾರಿಗೆ ಬದಲಿಸಿಕೊಂಡೆವು. ಪಾರ್ಕಿಂಗಿಗೆ ಬಂದ ಮೇಲೆ ಡಿಕ್ಕಿ ತೆರೆದು ಜೋಡಿಸುವುದನ್ನು ನಿಲ್ಲಿಸಿದೆವು; ಜೋಡಿಸುವುದೆಲ್ಲ ಹೊರಟ ಹೋಟೆಲಿನ ಮುಂದೆಯೇ. ಕಾರಿನೊಳಗೆ ಫೋನಿನ ಹಿಡಿಕೆ, ಚಾರ್ಜರಿನ ತಂತಿ, ನೀರಿನ ಬಾಟಲಿ ಕೂಡ ಕಾಣಬಾರದೆಂದು ಹೆಂಡತಿ ಹಟ ಹಿಡಿದಳು. ಪಾಸ್‌ಪೋರ್ಟು, ಪರವಾನಗಿ, ಭಾವನ ಮಾತ್ರೆ ಯಾವಾಗಲೂ ನಮ್ಮ ಹೆಗಲಿನ ಚೀಲದಲ್ಲಿ. ಅಂಥ ದಿನಗಳಲ್ಲಿ ಬಯಲು ಪಾರ್ಕಿಂಗನ್ನು ಬಿಟ್ಟು, ಎರಡು ಮೂರು ಯೂರೋ ಹೆಚ್ಚಾದರೂ ಕಾವಲಿರುವ, ದೀಪವಿರುವ ಜಾಗವನ್ನೇ ಆರಿಸಿದೆವು.

ಹೋಟೆಲು ಜೆಡ್‌ಟಿಎಲ್ ಒಳಗಿದ್ದರೆ ಕಾರಿನ ಸಂಖ್ಯೆಯನ್ನು ಹೋಟೆಲಿನವರೇ ಪೊಲೀಸರಿಗೆ ತಿಳಿಸಿ ಅನುಮತಿ ಕೊಡಿಸುವ ಪದ್ಧತಿ ಹಲವು ಊರುಗಳಲ್ಲಿದೆ. ಬಾಡಿಗೆ ಕಾರಿನ ಸಂಖ್ಯೆ ಕೀಲಿ ಕೈಗೆ ಬರುವವರೆಗೆ ಗೊತ್ತಿರುವುದಿಲ್ಲವಾದ್ದರಿಂದ, ಕೀಲಿ ಸಿಕ್ಕ ಕೂಡಲೇ ನಂಬರ್ ಪ್ಲೇಟಿನ ಫೋಟೊ ತೆಗೆದಿಟ್ಟುಕೊಂಡಿದ್ದೆ. ಪೆರೂಜಾದಲ್ಲಿ ಅನುಮತಿ ಸಿಗುತ್ತಿತ್ತಾದರೂ ಆ ಓಣಿಗಳಲ್ಲಿ ಕನ್ನಡಿ ಮಡಚಿಕೊಂಡು ಓಡಿಸುವ ಧೈರ್ಯ ನನಗಿರಲಿಲ್ಲ. ಎರಡು ರಾತ್ರಿಗೆ ಬೇಕಾದ ಬಟ್ಟೆಯನ್ನು ಸಣ್ಣ ಚೀಲಕ್ಕೆ ಹಾಕಿಕೊಂಡು ಎಸ್ಕಲೇಟರ್ ಹತ್ತಿದೆವು.

ಫ್ಲಾರೆನ್ಸಿಗೆ ಕಾರನ್ನು ಒಯ್ಯಲೇ ಇಲ್ಲ. ಎ1 ಹೆದ್ದಾರಿಯಿಂದ ಹೊರಬೀಳದೆ, ಟೋಲ್ ಗೇಟು ದಾಟದೆ ನೇರವಾಗಿ ಒಳಗೆ ಹೋಗಬಹುದಾದ ವಿಲ್ಲಾ ಕೊಸ್ತಾಂತ್ಸಾ ಎಂಬ ಪಾರ್ಕಿಂಗ್ ಸ್ಕಾಂದಿಚ್ಚಿಯಲ್ಲಿದೆ, 2017ರಲ್ಲಿ ತೆರೆದದ್ದು. ಅದರ ಬದಿಯಲ್ಲೇ ಟಿ1 ಟ್ರಾಮಿನ ಕೊನೆಯ ನಿಲ್ದಾಣ. ಇಪ್ಪತ್ತೈದು ನಿಮಿಷದೊಳಗೆ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಬಳಿ ಇಳಿದೆವು. ಇಡೀ ಪ್ರವಾಸದಲ್ಲಿ ಪಾರ್ಕಿಂಗಿನ ಬಗ್ಗೆ ಒಂದು ಮಾತೂ ಆಡದೆ ಕಳೆದ ದಿನವೆಂದರೆ ಅದೊಂದೇ.

ಪ್ರತಿ ಸಲ ಕಾರು ನಿಲ್ಲಿಸಿದಾಗಲೂ ನಾಲ್ಕು ಬದಿಯ ಫೋಟೊ ತೆಗೆಯುವುದು, ಹಿಂತಿರುಗಿದಾಗ ಮತ್ತೆ ತೆಗೆಯುವುದು ನನ್ನ ಅಭ್ಯಾಸವಾಗಿತ್ತು. ಭಾವ ಇದನ್ನು ಮದುವೆ ಆಲ್ಬಂ ಎಂದು ಗೇಲಿ ಮಾಡುತ್ತಿದ್ದರು. ಕೊನೆಯ ದಿನ ಕಾರನ್ನು ಒಪ್ಪಿಸುವಾಗ ಅಲ್ಲಿದ್ದ ಹುಡುಗ ಬಲಗಡೆಯ ಹಿಂದಿನ ಚಕ್ರದ ಅಂಚಿನ ಗೀರನ್ನು ತೋರಿಸಿ, ಕಾಗದದಲ್ಲಿ ಇದಿಲ್ಲವಲ್ಲ ಎಂದ. ಕೀಲಿ ಪಡೆದ ಬೆಳಿಗ್ಗೆಯೇ ಫ್ಯುಮಿಚಿನೊದಲ್ಲಿ ತೆಗೆದ ಫೋಟೊವನ್ನು, ಅದರ ಮೇಲಿನ ದಿನಾಂಕ ಮತ್ತು ಗಂಟೆಯ ಸಮೇತ, ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅವನು ಬಗ್ಗಿ ಚಕ್ರವನ್ನೂ ಫೋಟೊವನ್ನೂ ಎರಡು ಸಲ ನೋಡಿ, ಏನೂ ಹೇಳದೆ ಕಾಗದಕ್ಕೆ ಸಹಿ ಹಾಕಿಕೊಟ್ಟ.