ಆಫೀಸಿನಲ್ಲಿ ಯಾವ ಕೆಲಸ ನಿಂತು, ಯಾವುದು ಕೂತು?

ಶಿರಸಿಯ ಅಡಿಕೆ ಸೊಸೈಟಿಯೊಂದರಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಟೆಂಡರ್ ದಿನ ಲಾಟುಗಳ ಪಟ್ಟಿ ಕೈಗೆ ಬಂತೆಂದರೆ ಕುರ್ಚಿ ಬಿಟ್ಟು ಏಳುವ ಮಾತೇ ಇರುತ್ತಿರಲಿಲ್ಲ. ಈಗ ಅರ್ಧ ಕೆಲಸ ನಿಂತೇ ಮಾಡುತ್ತೇನೆ. ದುಬಾರಿ ಮೇಜೇನೂ ಕೊಂಡಿಲ್ಲ.

ಮೊದಲು ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ. ಫೋನು, ಓಚರ್ ತಾಳೆ ನೋಡುವುದು, ಸೀಲು ಹೊಡೆಯುವುದು, ಕೌಂಟರಿಗೆ ಬಂದ ರೈತರ ಜೊತೆ ಮಾತು, ಸಣ್ಣಪುಟ್ಟ ಟೈಪಿಂಗು ಎಲ್ಲ ನಿಂತು. ಬಡ್ಡಿ ಲೆಕ್ಕ, ಉದ್ದದ ಎಂಟ್ರಿ ಕೂತು. ಗಡಿಯಾರ ನೋಡಿಕೊಂಡು ನಿಲ್ಲಲು ಹೋದರೆ ವಾರದಲ್ಲೇ ಬೇಜಾರು ಬರುತ್ತದೆ.

ಎತ್ತರ ಸರಿಯಿಲ್ಲದಿದ್ದರೆ ಭುಜ ಹಿಡಿದುಕೊಳ್ಳುತ್ತದೆ. ದಿನಾ ಹಾಕುವ ಚಪ್ಪಲಿಯಲ್ಲೇ ನೆಟ್ಟಗೆ ನಿಂತು, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಟೇಪು ಹಿಡಿಸಿ. ಐದು ಅಡಿ ನಾಲ್ಕು ಇಂಚಿನ ನನಗೆ ಸುಮಾರು 40 ಇಂಚು ಬಂತು. ಕೀಬೋರ್ಡು ಅಷ್ಟಕ್ಕೇ ಇರಲಿ, ಇಲ್ಲ ಒಂದಿಂಚು ಕೆಳಗೆ. ನಮ್ಮಲ್ಲಿನ ಮೋಟು ಕಬ್ಬಿಣದ ಕಪಾಟು ಸರಿಯಾಗಿ ಆ ಮಟ್ಟಕ್ಕಿದೆ. ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಕತ್ತು ಬಗ್ಗುತ್ತದೆ. ಅದಕ್ಕೆ ಲ್ಯಾಪ್‌ಟಾಪಿನ ಅಡಿಗೆ ಹಳೇ ಲೆಡ್ಜರುಗಳನ್ನು ಪೇರಿಸಿ, ಬೇರೆ ಕೀಬೋರ್ಡು ಜೋಡಿಸಿದೆ. ಮಳೆಗಾಲದ ತಂಡಿಗೆ ರಟ್ಟು ಉಬ್ಬಿ, ಬೂಷ್ಟು ಹಿಡಿದು, ಯಾರಿಗೂ ಬೇಡವಾಗಿ ಬಿದ್ದಿದ್ದವು ಅವು.

ಕಾಲ ಬುಡಕ್ಕೊಂದು ಹಳೇ ಮಣೆ ಇಡಿ. ಒಮ್ಮೆ ಬಲಗಾಲು, ಒಮ್ಮೆ ಎಡಗಾಲು ಅದರ ಮೇಲಿಟ್ಟು ನಿಂತರೆ ಸೊಂಟಕ್ಕೆ ಆರಾಮ. (ಊಟದ ಮಣೆಯನ್ನು ಮೆಟ್ಟಿದ್ದು ಅತ್ತೆ ನೋಡಿದರೆ ಬೈದಾರು, ಆ ಮಾತು ಬೇರೆ.)

ತೂಕ ಇಳಿಸಲು ನಿಲ್ಲಬೇಡಿ. ಸುಮ್ನೆ ನಿಂತರೆ ಗಂಟೆಗೆ ಎಂಟೊಂಬತ್ತು ಕ್ಯಾಲೊರಿ ಜಾಸ್ತಿ ಖರ್ಚಾಗಬಹುದು, ಅಷ್ಟೇ. ಲಾಭ ಕಾಣುವುದು ಮರಗಟ್ಟಿದ ಬೆನ್ನು, ಕುತ್ತಿಗೆಯಲ್ಲಿ. ತಂಬುಳಿ ಊಟ ಮುಗಿಸಿ ಕೂತರೆ ಕಣ್ಣು ಎಳೆಯುತ್ತದೆ ಅಲ್ವಾ? ಆಗ ಎದ್ದು ಗೋದಾಮಿನವರೆಗೆ ಒಂದು ಸುತ್ತು ಹೋಗಿ ಬನ್ನಿ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಗೂ ಈ ಓಡಾಟ ಒಳ್ಳೆಯದು.

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ಸಿಬ್ಬಂದಿಯ ಲೆಕ್ಕ ಪ್ರಕಟಿಸಿದರು. ಕೂತೇ ಇರುವ ಡ್ರೈವರುಗಳಿಗಿಂತ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆಯಿತ್ತು. ಆದರೆ ಆ ಕಂಡಕ್ಟರುಗಳು ಬರೀ ನಿಂತಿರಲಿಲ್ಲ, ಡಬಲ್ ಡೆಕ್ಕರ್ ಮೆಟ್ಟಿಲು ದಿನವಿಡೀ ಹತ್ತಿಳಿಯುತ್ತಿದ್ದರು. ದೇವಿಮನೆ ಘಾಟಿಯಲ್ಲಿ ತುಂಬಿದ ಬಸ್ಸಿನೊಳಗೆ ಟಿಕೆಟ್ ಹರಿಯುವವರನ್ನು ನೋಡಿ, ಒಂದು ಕಡೆ ನಿಲ್ಲುತ್ತಾರೆಯೇ? 2015ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ತಜ್ಞರ ಸಲಹೆಯೂ ನಿಲ್ಲುವುದು, ಅಡ್ಡಾಡುವುದು ಎರಡನ್ನೂ ಸೇರಿಸಿಯೇ ಹೇಳುತ್ತದೆ: ಕೆಲಸದ ವೇಳೆಯಲ್ಲಿ ದಿನಕ್ಕೆ 2 ಗಂಟೆಯಿಂದ ಶುರು, ನಿಧಾನಕ್ಕೆ 4ಕ್ಕೆ.

ಕಾಲು ಜೋಮು ಹಿಡಿದರೆ ಕೂತುಬಿಡಿ. ಕಾಲಿನ ನರ ಉಬ್ಬಿದವರು ಡಾಕ್ಟರನ್ನು ಕೇಳಿಯೇ ನಿಲ್ಲಿ. ಬಟ್ಟೆ ಅಂಗಡಿಯಲ್ಲಿ ದಿನಪೂರ್ತಿ ನಿಲ್ಲುವವರಿಗೆ ಇದ್ಯಾವುದೂ ಬೇಡ, ಅವರಿಗೆ ಬೇಕಾದ್ದು ಸ್ಟೂಲು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಥವರಿಗೆ ಕೂರಲು ಜಾಗ ಕೊಡಬೇಕೆಂದು ಕಾನೂನನ್ನೇ ಮಾಡಿವೆ.