ಬೆಳಗಿನ ಆರೂವರೆಯ ಕರೆಗಂಟೆ ನಿಂತದ್ದು ಹೀಗೆ

ಮೈಸೂರಿನ ನಮ್ಮ ಮನೆಗೆ ಕಳೆದ ಮಳೆಗಾಲದಿಂದ ಪಾರ್ಸೆಲ್‌ಗಳು ಬೆಳಗಿನ ಆರೂವರೆಗೇ ಬರತೊಡಗಿದ್ದವು. ರಾತ್ರಿ ಪಾಳಿ ಮುಗಿಸಿ ಐದಕ್ಕೆ ಮಲಗುವ ನನಗೆ ಅದು ನಡುರಾತ್ರಿಯೇ ಸರಿ. ಒಮ್ಮೆ ಲುಂಗಿ ಬಿಗಿದುಕೊಂಡು ಗೇಟಿನ ತನಕ ಓಡುವಷ್ಟರಲ್ಲಿ ಬೈಕು ತಿರುವು ದಾಟಿತ್ತು, ಮೊಬೈಲ್‌ನಲ್ಲಿ ‘ಗ್ರಾಹಕರು ಲಭ್ಯವಿಲ್ಲ’ ಎಂಬ ಸಂದೇಶ ಬಂದು ಕುಳಿತಿತ್ತು.

ಸಹಾಯವಾಣಿಗೆ ಮೂರು ಬಾರಿ ಕರೆ ಮಾಡಿದರೂ ಕ್ಷಮೆಯ ಹೊರತು ಏನೂ ದೊರೆಯಲಿಲ್ಲ. ಕೊನೆಗೆ ಪಾರ್ಸೆಲ್ ತರುವ ಹುಡುಗನನ್ನೇ ವಿಚಾರಿಸಿದೆ. ‘ಗೋದಾಮಿನಿಂದ ಹೊರಟರೆ ನಿಮ್ಮ ಬೀದಿಯೇ ಮೊದಲು ಸಿಗುತ್ತದೆ ಸರ್, ಬಿಟ್ಟುಹೋದರೆ ಮತ್ತೆ ಈ ಕಡೆ ಬರಲಾಗುವುದಿಲ್ಲ’ ಎಂದ. ಅವನ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ಆ್ಯಪ್‌ನಲ್ಲಿ ವಿಳಾಸವನ್ನು ‘ಮನೆ’ ಎಂದು ಗುರುತಿಸಿದ್ದರಿಂದ ಇಡೀ ದಿನದಲ್ಲಿ ಯಾವಾಗ ಬೇಕಾದರೂ ತಲುಪಿಸಬಹುದೆಂದು ಅರ್ಥವಾಗುತ್ತಿತ್ತು. ಅದನ್ನು ‘ಕಚೇರಿ’ ಎಂದು ಬದಲಿಸಿದೆ, ಸಮಯ ಹತ್ತರಿಂದ ಐದಕ್ಕೆ ಸೀಮಿತವಾಯಿತು. ಭಾನುವಾರದ ಪಾರ್ಸೆಲ್‌ಗಳು ಸೋಮವಾರಕ್ಕೆ ಹೋಗುತ್ತವೆ, ಅದಕ್ಕೆ ನನ್ನ ತಕರಾರಿಲ್ಲ. ಹಣವನ್ನು ಯುಪಿಐನಲ್ಲಿ ಮೊದಲೇ ಪಾವತಿಸುತ್ತಿರುವುದರಿಂದ ಚಿಲ್ಲರೆಗಾಗಿ ಎಬ್ಬಿಸುವ ಪ್ರಸಂಗವೂ ತಪ್ಪಿತು.

ಈ ಸೌಲಭ್ಯವಿಲ್ಲದ ಆ್ಯಪ್‌ಗಳಿಗಾಗಿ ವಿಳಾಸದ ಮೊದಲ ಸಾಲಿನಲ್ಲೇ ‘ಗಂಟೆ ಒತ್ತಬೇಡಿ, ಗೇಟಿನೊಳಗಿನ ನೀಲಿ ಡಬ್ಬಿಯಲ್ಲಿ ಇಡಿ’ ಎಂದು ಬರೆದಿದ್ದೇನೆ. ಒಟಿಪಿ ಕೇಳುವ ದುಬಾರಿ ವಸ್ತುಗಳನ್ನು ಮಾತ್ರ ರಜೆಯ ದಿನಕ್ಕೆ ತರಿಸಿಕೊಳ್ಳುತ್ತೇನೆ. ನಿನ್ನೆ ಹನ್ನೊಂದಕ್ಕೆ ಎದ್ದು ನೋಡಿದಾಗ ಡಬ್ಬಿಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಇತ್ತು, ಅದರ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗಿತ್ತು.